ಮಿಟುಕುವ ದೀಪ, ಕಡಿತವಾಗುವ ಸಂಬಳ

ಹೋಟೆಲಿನ ಸಾಮಾನು ಗಾಡಿಯ ಹೆಡ್‌ಲೈಟು ಮಿಟುಕುವುದು ನಮ್ಮ ಸಂಘದ ಪತ್ರಿಕೆಯಲ್ಲಿ ಬರೆಯತಕ್ಕ ವಿಷಯವೇ ಎಂದು ಕೆಲವು ಬಂಧುಗಳು ಕೇಳಬಹುದು. ಬೋನಸ್ಸಿನ ಮಾತಿದೆ, ವಾರದ ರಜೆಯ ಮಾತಿದೆ, ಪ್ರಾವಿಡೆಂಟ್ ಫಂಡು ತುಂಬದ ಯಜಮಾನರ ಮಾತಿದೆ. ಇಷ್ಟೆಲ್ಲ ಇರುವಾಗ ದೀಪದ ಮಾತೇಕೆ? ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಕಳೆದ ಮಳೆಗಾಲದಲ್ಲಿ ಕಣ್ಣಾರೆ ಕಂಡ ಒಂದು ಸಂಗತಿಯಿಂದ ನನ್ನ ಮನಸ್ಸು ಬದಲಾಯಿತು. ನಮ್ಮವನೇ ಆದ ಒಬ್ಬ ಡ್ರೈವರನ ಸಂಬಳದಲ್ಲಿ ಮೂರು ತಿಂಗಳು ಎರಡೆರಡು ಸಾವಿರ ಹಿಡಿದರು. ಕಾರಣ, ಗಾಡಿಯ ದೀಪ. ಆ ದೀಪಕ್ಕೆ ಆಗಿದ್ದ ರೋಗವಾದರೂ ಏನು? ಒಂದು ಬೋಲ್ಟಿನ ಕೆಳಗಿನ ಬಣ್ಣ ಮತ್ತು ತುಕ್ಕು.

ನಾನು ಗುಲಬರ್ಗದ ಕಡೆಯವನು. ಮಿಲ್ಲಿನಲ್ಲಿ ವೈರ್‌ಮನ್ ಆಗಿ ದುಡಿದು, ಮಿಲ್ಲು ಮುಚ್ಚಿದ ಮೇಲೆ ಈ ಹೈದರಾಬಾದಿನ ಹೋಟೆಲುಗಳ ಗ್ರೈಂಡರು, ಪಂಪು, ಫ್ರಿಜ್ಜುಗಳನ್ನು ನೋಡಿಕೊಂಡು ಹೊಟ್ಟೆ ಹೊರೆದವನು. ಮೋಟಾರು ಮೆಕ್ಯಾನಿಕ್ ಅಲ್ಲ. ಆದರೆ ವಿದ್ಯುತ್ತು ಎಲ್ಲಿ ಹರಿದರೂ ಅದರ ನಡತೆ ಒಂದೇ. ಮಗ್ಗದ ಮೋಟಾರಿನಲ್ಲಿ ಸಡಿಲ ತಂತಿ ಮಾಡುವ ಕಿತಾಪತಿಯನ್ನೇ ಪಿಕಪ್ ಗಾಡಿಯ ದೀಪದಲ್ಲಿಯೂ ಮಾಡುತ್ತದೆ.

ಆ ಡ್ರೈವರ್ ಬೀದರಿನ ಕಡೆಯ ಹುಡುಗ. ದಿನವೂ ಬೆಳಗಿನ ಜಾವ ಮೂರು ಗಂಟೆಗೆ ಗಾಡಿ ತೆಗೆದು ಬೋಯಿನಪಲ್ಲಿಯ ಮಾರ್ಕೆಟ್ಟಿಗೆ ಹೋಗಿ ಟೊಮೇಟೊ, ಈರುಳ್ಳಿ, ಕೊತ್ತಂಬರಿ ತುಂಬಿಕೊಂಡು ಐದೂವರೆಯ ಒಳಗೆ ಹೋಟೆಲಿನ ಹಿಂಬಾಗಿಲಿಗೆ ಬರಬೇಕು. ಆರು ಗಂಟೆಗೆ ಸಾಂಬಾರು ಕುದಿಯದಿದ್ದರೆ ಬೈಗುಳ ಕೇಳುವವನು ಭಟ್ಟನಲ್ಲ, ಡ್ರೈವರ್. ನಗರದ ಜನ ಏಳು ಗಂಟೆಗೆ ಇಡ್ಲಿ ಮುರಿಯುವಾಗ ಅದರ ಹಿಂದೆ ಇಂಥ ಎಷ್ಟು ಗಾಡಿಗಳು ಕತ್ತಲಲ್ಲಿ ಓಡಿರುತ್ತವೆಂದು ಯಾರೂ ಎಣಿಸುವುದಿಲ್ಲ.

ದೀಪ ಮೊದಲು ಮಿಟುಕಿದಾಗ ಅವನು ಮ್ಯಾನೇಜರಿಗೆ ಹೇಳಿದನು. ಮ್ಯಾನೇಜರು, "ಮಿಣಮಿಣ ಅಂದ್ರೆ ಏನಾಯ್ತು ಮಾರಾಯ, ಹತ್ತುತ್ತದಲ್ಲ?" ಎಂದು ಕಳಿಸಿದರು. ಹದಿನೈದು ದಿನ ಹೀಗೆ ಕಳೆಯಿತು. ಆಮೇಲೆ ಗಾಡಿ ವರ್ಕ್‌ಷಾಪಿಗೆ ಹೋಯಿತು, ಎರಡು ಹೊಸ ಬಲ್ಬು ಬಂದವು. ಮಿಟುಕುವುದು ನಿಲ್ಲಲಿಲ್ಲ. ಮತ್ತೊಮ್ಮೆ ಹೋದಾಗ, "ಬೆಳಕು ಕಡಿಮೆ, ದೊಡ್ಡ ಬಲ್ಬು ಹಾಕೋಣ" ಎಂದು ನೂರು ವಾಟಿನವನ್ನು ಹಾಕಿದರು. ಮೂರನೆಯ ಸಲ ಬ್ಯಾಟರಿಯನ್ನೇ ಬದಲಿಸಿದರು. ಆಗ ಯಜಮಾನರಿಗೆ ಕೋಪ ಬಂತು. ಗಾಡಿ ಒರಟಾಗಿ ಓಡಿಸಿ ಬ್ಯಾಟರಿ ಹಾಳುಮಾಡಿದ್ದಾನೆ ಎಂದು ತೀರ್ಮಾನಿಸಿ ಸಂಬಳದಲ್ಲಿ ಹಿಡಿಯಲು ಬರೆದುಕೊಂಡರು. ದೀಪ ಮಾತ್ರ ಹೊಸ ಬ್ಯಾಟರಿಯ ಮೇಲೂ ತನ್ನ ಕಣ್ಣು ಮಿಟುಕಿಸುತ್ತಲೇ ಇತ್ತು.

ಒಂದು ರಾತ್ರಿ ಮಳೆ ನಿಂತ ಹೊತ್ತಿಗೆ ರಸ್ತೆಯ ಗುಂಡಿಗೆ ಚಕ್ರ ಇಳಿಯಿತು, ಎರಡು ದೀಪವೂ ಒಂದು ಕ್ಷಣ ಆರಿ ಹತ್ತಿದವು. ಹತ್ತಿದಾಗ ಎದುರಿಗೆ ನಾಲ್ಕು ಮಾರು ದೂರದಲ್ಲಿ ರಸ್ತೆ ಗುಡಿಸುವ ಹೆಣ್ಣುಮಗಳು ನಿಂತಿದ್ದಳು. ಬ್ರೇಕು ಹಿಡಿಯಿತು, ಏನೂ ಆಗಲಿಲ್ಲ. ಆಕೆ ಹೊಳೆಯುವ ಪಟ್ಟಿಯ ಕೋಟು ತೊಟ್ಟಿದ್ದಳಂತೆ. ಆದರೆ ಆ ಪಟ್ಟಿಗೆ ಸ್ವಂತ ಬೆಳಕಿಲ್ಲ, ನಮ್ಮ ದೀಪದ ಬೆಳಕು ಬಿದ್ದರೆ ಮಾತ್ರ ಅದು ಹೊಳೆಯುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಅರ್ಧ ಸೆಕೆಂಡು ದೀಪ ಹೋದರೆ ಐದೂವರೆ ಮೀಟರ್ ದೂರ ಡ್ರೈವರ್ ಕುರುಡ. ಮ್ಯಾನೇಜರು ಮಿಣಮಿಣ ಎಂದದ್ದು ಇದಕ್ಕೆ.

ಮರುದಿನ ಹುಡುಗ ನನ್ನಲ್ಲಿಗೆ ಬಂದನು.

"ಕಾಕಾ, ಲೈಟ್ ಹಾರ್ತಾವ್ರೀ. ಬಲ್ಬ್ ಹೊಸಾವ, ಬ್ಯಾಟ್ರಿ ಹೊಸಾದು. ಇನ್ನೇನ್ ಹಾಕ್ಬೇಕ್ರೀ?"

"ಏನೂ ಹಾಕಬ್ಯಾಡ ತಮ್ಮಾ. ಮೊದಲ ಇಷ್ಟು ಹೇಳು. ಎರಡೂ ಹಾರ್ತಾವೋ, ಒಂದೋ? ಗಾಡಿ ನಿಂತಾಗ ಹಾರ್ತಾವೋ, ಗುಂಡಿ ಬಂದಾಗೋ?"

"ಎರಡೂ ಹಾರ್ತಾವ್ರೀ. ಗುಂಡಿ ಬಂದ್ರ ಭಾಳ. ಮಳಿ ಬಂದ್ರ ಇನ್ನೂ ಭಾಳ."

ವಾಚಕ ಬಂಧುಗಳು ಗಮನಿಸಬೇಕು. ಈ ಮೂರು ಮಾತಿನಲ್ಲಿಯೇ ರೋಗದ ಅರ್ಧ ಗುರುತು ಸಿಕ್ಕಿಹೋಗಿತ್ತು. ಮೂರು ಸಲ ಗಾಡಿ ಒಯ್ದರೂ ವರ್ಕ್‌ಷಾಪಿನಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ. ಒಂದೇ ದೀಪ ಮಿಟುಕಿದರೆ ದೋಷ ಆ ದೀಪದ ಹತ್ತಿರವೇ ಇರುತ್ತದೆ. ಅದರ ಬಲ್ಬು, ಅದರ ಹೋಲ್ಡರು, ಅದರ ತಂತಿ. ಎರಡೂ ಕೂಡಿಯೇ ಮಿಟುಕಿದರೆ ಎರಡಕ್ಕೂ ಸಮಾನವಾದ ಜಾಗವನ್ನು ನೋಡಬೇಕು. ಸ್ವಿಚ್ಚು, ರಿಲೇ, ಫ್ಯೂಸಿನ ಕಾಲು, ಬ್ಯಾಟರಿಯ ಟರ್ಮಿನಲ್ಲು, ಆಲ್ಟರ್ನೇಟರು, ಅಥವಾ ಎರಡು ದೀಪಕ್ಕೂ ಒಂದೇ ಇರುವ ಅರ್ತ್. ಎರಡು ಬಲ್ಬೂ ಒಂದೇ ದಿನ ಒಂದೇ ಗುಂಡಿಗೆ ಒಟ್ಟಿಗೆ ಕೆಡುವುದುಂಟೇ? ಆದುದರಿಂದ ಮೊದಲ ಖರ್ಚೇ ದಂಡದ ಖರ್ಚು. ಗುಂಡಿಗೆ ಹಾರುತ್ತದೆಂದರೆ ಎಲ್ಲಿಯೋ ಸಡಿಲ. ಮಳೆಗೆ ಹೆಚ್ಚುತ್ತದೆಂದರೆ ಆ ಸಡಿಲಿನಲ್ಲಿ ತುಕ್ಕು ಕೂತಿದೆ.

ಭಾನುವಾರ ಮಧ್ಯಾಹ್ನ ಕಾಚಿಗುಡದಲ್ಲಿ, ನಮ್ಮ ಸಾಹಿತ್ಯ ಮಂದಿರದ ಆಚೆಯ ಬೀದಿಯಲ್ಲಿ ಗಾಡಿ ನಿಲ್ಲಿಸಿ ನೋಡಿದೆವು. ನನ್ನಲ್ಲಿದ್ದುದು ಒಂದು ಹಳೆಯ ಮೀಟರು, ಎರಡು ಮಾರು ತಂತಿ. ಎಂಜಿನ್ ನಿಲ್ಲಿಸಿ ಬ್ಯಾಟರಿಗೆ ಮೀಟರು ಹಿಡಿದರೆ 12.6 ವೋಲ್ಟು. ಎಂಜಿನ್ ಓಡಿಸಿದರೆ 14.1. ಇದು ಆರೋಗ್ಯವಂತ ಬ್ಯಾಟರಿಯ, ಆರೋಗ್ಯವಂತ ಆಲ್ಟರ್ನೇಟರಿನ ಲೆಕ್ಕ. ಓಡುವಾಗ 13.5ರಿಂದ 14.5ರ ಒಳಗೆ ಇದ್ದರೆ ಆ ಕಡೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮುಂದಿನ ಪರೀಕ್ಷೆಯೇ ಮುಖ್ಯವಾದದ್ದು. ದೀಪ ಹತ್ತಿಸಿಯೇ ಇಟ್ಟು, ಮೀಟರಿನ ಒಂದು ಕಡ್ಡಿಯನ್ನು ಬಲ್ಬಿನ ಅರ್ತ್ ಕಾಲಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಹಿಡಿಯಬೇಕು. ತಂತಿ ಸರಿಯಿದ್ದರೆ ಇಲ್ಲಿ ಸೊನ್ನೆಗೆ ಹತ್ತಿರದ ಅಂಕಿ ಬರಬೇಕು, ಹೆಚ್ಚೆಂದರೆ 0.2 ವೋಲ್ಟು. ನಮ್ಮ ಮೀಟರು ತೋರಿಸಿದ್ದು 1.8. ಬಾನೆಟ್ಟಿನ ಹತ್ತಿರದ ತಗಡನ್ನು ಕೈಯಲ್ಲಿ ತಟ್ಟಿದರೆ ಅಂಕಿ ಕುಣಿಯಿತು, ದೀಪವೂ ಕುಣಿಯಿತು. ಆಗ ಕೈಯಲ್ಲಿದ್ದ ತಂತಿಯ ಒಂದು ತುದಿಯನ್ನು ದೀಪದ ಅರ್ತಿಗೆ, ಇನ್ನೊಂದು ತುದಿಯನ್ನು ನೇರವಾಗಿ ಬ್ಯಾಟರಿಯ ಮೈನಸ್ಸಿಗೆ ಕೊಟ್ಟೆ. ಎರಡು ದೀಪವೂ ಒಮ್ಮೆಲೇ ಬೆಳ್ಳಗೆ ಹೊತ್ತಿ ನಿಂತವು. ಎಷ್ಟು ತಟ್ಟಿದರೂ ಕದಲಲಿಲ್ಲ. ಹುಡುಗ ಬಾಯಿ ಬಿಟ್ಟುಕೊಂಡು ನೋಡಿದನು.

ಅರ್ತ್ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಅನೇಕ ಡ್ರೈವರರು ಅದನ್ನು ಮನೆಯ ನೆಲದಲ್ಲಿ ಹೂಳುವ ಅರ್ತ್ ಎಂದು ತಿಳಿದಿದ್ದಾರೆ. ಮನೆಯ ದೀಪಕ್ಕೆ ಹೋಗುವುದೊಂದು, ಹಿಂದಿರುಗುವುದೊಂದು ಎಂದು ಎರಡು ತಂತಿ. ಗಾಡಿಯಲ್ಲಿ ತಂತಿ ಉಳಿಸಲೆಂದು ಹಿಂದಿರುಗುವ ದಾರಿಗೆ ಗಾಡಿಯ ಕಬ್ಬಿಣದ ಮೈಯನ್ನೇ ಬಳಸುತ್ತಾರೆ. ಬ್ಯಾಟರಿಯ ಮೈನಸ್ಸನ್ನು ಚಾಸಿಗೆ ಬಿಗಿದಿರುತ್ತಾರೆ. ದೀಪದಿಂದ ಬಂದ ಒಂದು ಗಿಡ್ಡ ಕಪ್ಪು ತಂತಿಯನ್ನು ಹತ್ತಿರದ ತಗಡಿಗೆ ಬೋಲ್ಟು ಹಾಕಿ ಕೂರಿಸಿರುತ್ತಾರೆ. ನಮ್ಮ ಹೋಟೆಲಿನ ಲೆಕ್ಕದಲ್ಲಿ ಹೇಳುವುದಾದರೆ, ಸಪ್ಲೈಯರ್ ಎಷ್ಟೇ ಚುರುಕಾಗಿ ತಟ್ಟೆ ಒಯ್ದಿಡಲಿ, ಕ್ಲೀನರ್ ಎಂಜಲು ತಟ್ಟೆ ಎತ್ತಿ ಹಿಂದಕ್ಕೆ ತರದಿದ್ದರೆ ಹತ್ತು ನಿಮಿಷದಲ್ಲಿ ಅಡಿಗೆಮನೆ ನಿಂತುಹೋಗುತ್ತದೆ. ಎಲ್ಲರ ಕಣ್ಣು ಸಪ್ಲೈಯರ್ ಮೇಲೆ, ಕ್ಲೀನರನ್ನು ನೋಡುವವರಿಲ್ಲ. ಗಾಡಿಯಲ್ಲಿಯೂ ಹಾಗೆಯೇ. ಬಲ್ಬು, ಬ್ಯಾಟರಿ, ಫ್ಯೂಸುಗಳನ್ನು ಎಲ್ಲರೂ ನೋಡುತ್ತಾರೆ, ಹಿಂದಿರುಗುವ ದಾರಿಯನ್ನು ನೋಡುವುದಿಲ್ಲ.

ಕಪ್ಪು ತಂತಿಯನ್ನು ಹಿಂಬಾಲಿಸಿ ಹೋದರೆ ರೇಡಿಯೇಟರಿನ ಪಕ್ಕದ ತಗಡಿನಲ್ಲಿ ಆ ಬೋಲ್ಟು ಸಿಕ್ಕಿತು. ಹಿಂದೆ ಎಂದೋ ಗಾಡಿಯ ಮೂತಿ ಗುದ್ದಿಸಿಕೊಂಡು ತಗ್ಗಾಗಿತ್ತಂತೆ. ತಟ್ಟಿ ಸರಿಮಾಡಿ ಬಣ್ಣ ಹೊಡೆದವರು ಆ ಬಣ್ಣದ ಮೇಲೆಯೇ ಅರ್ತಿನ ಬೋಲ್ಟು ಬಿಗಿದಿದ್ದರು. ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ಬೋಲ್ಟಿನ ಎಳೆಗಳ ಮೂಲಕ ಹೇಗೋ ಅಷ್ಟಿಷ್ಟು ದಾರಿ ಸಿಕ್ಕಿ ಒಂದೆರಡು ವರ್ಷ ನಡೆಯಿತು, ಮಳೆಯ ನೀರು ಇಳಿದು ತುಕ್ಕು ಹಿಡಿದ ಮೇಲೆ ಅದೂ ಮುಚ್ಚುತ್ತ ಬಂತು. ಬ್ಯಾಟರಿಯ ಮೈನಸ್ಸು ಬಿಚ್ಚಿಟ್ಟು, ಬೋಲ್ಟು ತೆಗೆದು, ಎಮರಿ ಪೇಪರಿನಿಂದ (ಈ ಊರಿನವರು ರೇಗ್‌ಮಾಲ್ ಎನ್ನುವುದು ಇದಕ್ಕೇ) ತಗಡನ್ನೂ ತಂತಿಯ ಕಿವಿಯನ್ನೂ ಬೆಳ್ಳಗಾಗುವಂತೆ ಉಜ್ಜಿ, ಹೊಸ ವಾಷರು ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಬಳಿದೆವು. ಮತ್ತೆ ಅಳೆದರೆ 0.1 ವೋಲ್ಟೂ ಇಲ್ಲ. ತಗುಲಿದ ಖರ್ಚು ಎರಡು ಚಹಾದ ಹಣಕ್ಕಿಂತ ಕಡಿಮೆ.

ಇಷ್ಟರಲ್ಲಿ ಇನ್ನೊಂದು ಅನಾಹುತ ಕಣ್ಣಿಗೆ ಬಿತ್ತು. ನೂರು ವಾಟಿನ ಬಲ್ಬು ಹಾಕಿದ್ದರಲ್ಲ, ಅದರ ಪ್ಲಾಸ್ಟಿಕ್ ಹೋಲ್ಡರು ಕಂದು ಬಣ್ಣಕ್ಕೆ ತಿರುಗಿ ಮೂಲೆ ಕರಗಿತ್ತು. ಲೆಕ್ಕ ಸರಳ. ಇಂಥ ಗಾಡಿಗೆ ಬರುವ ಹ್ಯಾಲೋಜನ್ ಬಲ್ಬು 60/55 ವಾಟಿನದು. ಡಿಮ್ಮಿನಲ್ಲಿ ಎರಡು ದೀಪ ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ, ತಂತಿ ಮತ್ತು ಫ್ಯೂಸನ್ನು ಅಷ್ಟಕ್ಕೇ ನೋಡಿ ಹಾಕಿರುತ್ತಾರೆ. ನೂರು ವಾಟಿನವು ಎರಡು ಸೇರಿದರೆ 16 ಆಂಪಿಯರ್. ದಾರಿ ಮೊದಲೇ ಇಕ್ಕಟ್ಟು, ಅದರಲ್ಲಿ ದುಪ್ಪಟ್ಟು ಜನ ನುಗ್ಗಿದಂತೆ. ಬೆಳಕು ಹೆಚ್ಚಲಿಲ್ಲ, ಕಾವು ಹೆಚ್ಚಿತು. ಬೆಳಕು ಕಡಿಮೆಯಿದ್ದುದು ಬಲ್ಬು ಸಣ್ಣದೆಂದಲ್ಲ, ಅದಕ್ಕೆ ವೋಲ್ಟು ಮುಟ್ಟುತ್ತಿರಲಿಲ್ಲವೆಂದು. ವೋಲ್ಟು ಹತ್ತರಲ್ಲಿ ಒಂದು ಪಾಲು ಇಳಿದರೆ ಹ್ಯಾಲೋಜನ್ ಬಲ್ಬಿನ ಬೆಳಕು ಹತ್ತರಲ್ಲಿ ಸುಮಾರು ಮೂರು ಪಾಲು ಇಳಿದುಹೋಗುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹೋಲ್ಡರು ಬದಲಿಸಿ ಹಳೆಯ ಅಳತೆಯ ಬಲ್ಬನ್ನೇ ಮತ್ತೆ ಹಾಕಿಸಿದೆ. ಹಾಕುವಾಗ ಗಾಜನ್ನು ಬೆರಳಿನಿಂದ ಮುಟ್ಟಬಾರದು, ಬೆರಳಿನ ಜಿಡ್ಡು ಕೂತ ಕಡೆ ಗಾಜು ಅತಿಯಾಗಿ ಕಾಯ್ದು ಬಲ್ಬು ಬೇಗ ಹೋಗುತ್ತದೆ.

ಮಿಟುಕುವ ದೀಪಕ್ಕೆಲ್ಲ ಅರ್ತೇ ಕಾರಣವೆಂದು ನಾನು ಹೇಳುವುದಿಲ್ಲ. ಎಂಜಿನ್ ನಿಧಾನವಾದಾಗ ಮಂಕಾಗಿ, ರೇಸು ಕೊಟ್ಟಾಗ ಪ್ರಕಾಶವಾದರೆ ಆಲ್ಟರ್ನೇಟರಿನ ಬೆಲ್ಟು ಸಡಿಲವಾಗಿರಬಹುದು, ರೆಗ್ಯುಲೇಟರ್ ಹೋಗಿರಬಹುದು, ಒಳಗಿನ ಡಯೋಡು ಸತ್ತಿರಬಹುದು. ಡಿಮ್ಮಿನಲ್ಲಿ ಮಾತ್ರ ಹಾರಿ ಬ್ರೈಟಿನಲ್ಲಿ ಸ್ಥಿರವಾಗಿದ್ದರೆ ಡಿಪ್ಪರ್ ಸ್ವಿಚ್ಚನ್ನೂ ಅದರ ರಿಲೇಯನ್ನೂ ನೋಡಬೇಕು. ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಬಿಳಿಯ ಹಸಿರಿನ ಬೂಷ್ಟು ಕಟ್ಟಿದ್ದರೆ, ಮೈನಸ್ಸನ್ನು ಮೊದಲು ಬಿಚ್ಚಿ, ಬಿಸಿನೀರಿಗೆ ಅಡಿಗೆ ಸೋಡ ಹಾಕಿ ತೊಳೆದರೆ ಹೋಗುತ್ತದೆ. ಹೋಟೆಲಿನವರಿಗೆ ಸೋಡ ಕೊಳ್ಳುವ ಖರ್ಚೂ ಇಲ್ಲ. ಈಚೆಗೆ ಕೆಲವರು ಹ್ಯಾಲೋಜನ್ ಗಾಡಿಗೆ ಎಲ್.ಇ.ಡಿ. ಬಲ್ಬು ಸಿಕ್ಕಿಸುತ್ತಾರೆ. ಕೆಲವು ಗಾಡಿಗಳಲ್ಲಿ ಅವು ತಮ್ಮಷ್ಟಕ್ಕೆ ತಾವೇ ಮಿಟುಕುತ್ತವೆ, ಎದುರಿನವನ ಕಣ್ಣಿಗೂ ಹೊಡೆಯುತ್ತವೆ.

"ಲೈಟ್ ಅಂದ ಮೇಲೆ ಸ್ವಲ್ಪ ಆಡತದ, ಅದು ಸಹಜ" ಎಂದು ಹೇಳುವ ಹಿರಿಯ ಡ್ರೈವರರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರದು ಸುಳ್ಳಲ್ಲ, ಹಳೆಯ ಕಾಲದ ಸತ್ಯ. ಹಳೆಯ ಜೀಪು, ಹಳೆಯ ಅಂಬಾಸಿಡರುಗಳಲ್ಲಿ ಡೈನಮೋ ಇತ್ತು. ಎಂಜಿನ್ ನಿಧಾನವಾದರೆ ಡೈನಮೋ ಸಾಕಷ್ಟು ವಿದ್ಯುತ್ತು ಕೊಡುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಮಂಕಾಗುವುದು ಆಗ ನಿಜವಾಗಿಯೂ ಸಹಜವೇ. ಆಲ್ಟರ್ನೇಟರು ಬಂದ ಮೇಲೆ ಆ ಮಾತು ಮುಗಿಯಿತು, ನಿಂತ ಎಂಜಿನ್ನಿನಲ್ಲಿಯೂ ಅದು ದೀಪಕ್ಕೆ ಬೇಕಾದಷ್ಟು ಕೊಡಬಲ್ಲದು. ಗಾಡಿ ಬದಲಾಯಿತು, ಗಾದೆ ಬದಲಾಗಲಿಲ್ಲ. ನಮ್ಮ ಸೀಮೆಗೆ ಗಾಡಿಯ ವಿದ್ಯೆ ಹೊಸದೇನೂ ಅಲ್ಲ. ಹೈದರಾಬಾದ್ ಆಲ್ವಿನ್ ಕಂಪನಿ 1942ರಲ್ಲಿ ಹುಟ್ಟಿದ್ದು ಈ ಊರಲ್ಲಿ. ಅದೇ ಆಲ್ವಿನ್ 1980ರ ದಶಕದಲ್ಲಿ ಜಪಾನಿನ ನಿಸ್ಸಾನ್ ಜೊತೆ ಸೇರಿ ಬೀದರಿಗೆ ಹೋಗುವ ದಾರಿಯ ಜಹೀರಾಬಾದಿನಲ್ಲಿ ಸಣ್ಣ ಲಾರಿಗಳನ್ನು ಮಾಡಿತು, ಆಮೇಲೆ ಆ ಕಾರ್ಖಾನೆ ಮಹೀಂದ್ರದವರ ಕೈಸೇರಿತು. ಗಡಿಯ ಆ ಕಡೆ ಈ ಕಡೆಯ ಕನ್ನಡದ ಮಕ್ಕಳು ಲಾರಿ ಕಟ್ಟಬಲ್ಲರು. ಲಾರಿಯ ದೀಪ ಪರೀಕ್ಷೆ ಮಾಡಲಾರರೇ?

ಈಗ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ಈ ಪ್ರಕರಣದಲ್ಲಿ ಯಾರೂ ದುಷ್ಟರಲ್ಲ. ವರ್ಕ್‌ಷಾಪಿನ ಮಿಸ್ತ್ರಿ ಮೋಸಗಾರನಲ್ಲ, ಯಜಮಾನರು ಕಟುಕರಲ್ಲ. ಆದರೆ ಮಿಸ್ತ್ರಿಗೆ ಹಣ ಸಿಗುವುದು ಸಾಮಾನು ಹಾಕಿದ್ದಕ್ಕೆ, ದೋಷ ಹುಡುಕಿದ್ದಕ್ಕಲ್ಲ. ಒಂದು ಗಂಟೆ ತಲೆ ಬಗ್ಗಿಸಿ ಹುಡುಕಿ ಒಂದು ಬೋಲ್ಟು ಉಜ್ಜಿ ಇನ್ನೂರು ರೂಪಾಯಿ ಕೇಳಿದರೆ, "ಬೋಲ್ಟು ಬಿಗಿದದ್ದಕ್ಕೆ ಇನ್ನೂರೇ?" ಎಂದು ಜಗಳಕ್ಕೆ ನಿಲ್ಲುವವರು ನಾವೇ. ಬ್ಯಾಟರಿ ಹಾಕಿ ಆರು ಸಾವಿರದ ಬಿಲ್ಲು ಕೊಟ್ಟರೆ ಸುಮ್ಮನೆ ಕೊಡುತ್ತೇವೆ, ಏಕೆಂದರೆ ವಸ್ತು ಕಣ್ಣಿಗೆ ಕಾಣುತ್ತದೆ. ಹೀಗಿರುವಲ್ಲಿ ಆ ಮಿಸ್ತ್ರಿ ಹುಡುಕುವುದಾದರೂ ಏಕೆ? ಮಿಲ್ಲಿನಲ್ಲಿ ಹಾಗಿರಲಿಲ್ಲ. ಟ್ಯಾಂಕ್‌ಬಂಡಿನ ಕೆಳಗಿನ ಡಿ.ಬಿ.ಆರ್. ಮಿಲ್ಲಾಗಲಿ ಗುಲಬರ್ಗದ ಎಂ.ಎಸ್.ಕೆ. ಮಿಲ್ಲಾಗಲಿ ಇಂದು ಇಲ್ಲ, ಆದರೆ ಮಿಲ್ಲುಗಳಲ್ಲಿ ಪಳಗಿದವರಿಗೆ ಒಂದು ಅಭ್ಯಾಸ ಉಳಿದಿದೆ. ಯಂತ್ರ ನಿಂತರೆ ಮೊದಲು ಮೀಟರು, ಆಮೇಲೆ ಸ್ಪ್ಯಾನರು. ಹುಡುಕುವುದೇ ಅಲ್ಲಿ ಕೆಲಸವಾಗಿತ್ತು, ಅದಕ್ಕೇ ಸಂಬಳ. ಹುಡುಕುವ ಕೂಲಿಯನ್ನು ಕೊಡದ ಕಡೆ ಸಾಮಾನಿನ ಬಿಲ್ಲು ಬೆಳೆಯುತ್ತದೆ, ಬಿಲ್ಲು ಬೆಳೆದಾಗ ಯಜಮಾನನ ಕೈ ಡ್ರೈವರನ ಸಂಬಳದ ಕಡೆಗೆ ಹೋಗುತ್ತದೆ.

ಆ ಕೈಯನ್ನು ತಡೆಯುವ ಕಾನೂನು ಇದೆ. 1936ರ ವೇತನ ಪಾವತಿ ಕಾಯಿದೆಯಲ್ಲಿ ಇದ್ದ ಮಾತೇ 2019ರ ವೇತನ ಸಂಹಿತೆಯಲ್ಲಿಯೂ ಬಂದಿದೆ. ವಹಿಸಿಕೊಟ್ಟ ವಸ್ತು ನೌಕರನ ನೇರವಾದ ಅಲಕ್ಷ್ಯದಿಂದಲೇ ಹಾಳಾಗಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು. ಹಿಡಿಯುವ ಮೊದಲು ಅವನ ಸಮಜಾಯಿಷಿ ಕೇಳಲೇಬೇಕು. ತುಕ್ಕು ಹಿಡಿದದ್ದು ಡ್ರೈವರನ ಅಲಕ್ಷ್ಯವೇ? ಮ್ಯಾನೇಜರಿಗೆ ಅವನು ಮೊದಲ ದಿನವೇ ಹೇಳಿದ್ದನಲ್ಲ! ಸಮಜಾಯಿಷಿ ಕೇಳಿದವರು ಯಾರು?

ಇನ್ನೊಂದು ಕಲಮು ಯಜಮಾನರೂ ಓದಬೇಕಾದದ್ದು. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನ ಪ್ರಕಾರ, ಅಪಾಯ ತರುವಂಥ ದೋಷವಿರುವ ಗಾಡಿಯನ್ನು ಓಡಿಸಿದವನಷ್ಟೇ ಅಲ್ಲ, ಓಡಿಸುವಂತೆ ಮಾಡಿದವನು ಮತ್ತು ಓಡಿಸಲು ಬಿಟ್ಟವನು ಕೂಡ ಅಪರಾಧಿ. ದೋಷ ಗೊತ್ತಿದ್ದರಂತೂ ಸರಿ, ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಬಹುದಾಗಿದ್ದರೂ ಸಾಕು. ದಂಡ 1,500 ರೂಪಾಯಿಯವರೆಗೆ. ಆ ದೋಷದಿಂದ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಸೆರೆಮನೆಯೂ ಆಗಬಹುದು. ಆ ರಾತ್ರಿ ಗುಡಿಸುವ ಹೆಣ್ಣುಮಗಳಿಗೆ ಏನಾದರೂ ಆಗಿದ್ದರೆ, "ಹತ್ತುತ್ತದಲ್ಲ ಮಾರಾಯ" ಎಂಬ ಮಾತಿಗೆ ಬೆಲೆ ಕಟ್ಟಬೇಕಾಗುತ್ತಿತ್ತು.

ನಮ್ಮವರ ತಪ್ಪನ್ನೂ ಮುಚ್ಚಿಡಬಾರದು. ಫ್ಯೂಸು ಪದೇ ಪದೇ ಹೋದರೆ ತಂತಿಯ ತುಂಡನ್ನೋ ಸಿಗರೇಟಿನ ಬೆಳ್ಳಿ ಕಾಗದವನ್ನೋ ಸುತ್ತಿ ಓಡಿಸುವವರು ನಮ್ಮಲ್ಲಿ ಇದ್ದಾರೆ. ಹೆಡ್‌ಲೈಟಿನ ತಂತಿಯನ್ನೇ ಹೆರೆದು ಅದರಿಂದ ಜೋಡಿ ಹಾರನ್ನು, ಬಣ್ಣದ ದೀಪ, ಪಾಟಿನ ಡಬ್ಬಿಗೆ ಕರೆಂಟು ಎಳೆಯುವವರಿದ್ದಾರೆ. ಹೆರೆದ ಕಡೆ ಪಟ್ಟಿ ಸುತ್ತಿದರೆ ಒಂದು ಮಳೆಗಾಲ ತಡೆದೀತು. ನಾನು ಬಿಚ್ಚಿ ನೋಡಿದ ಇನ್ನೊಂದು ಗಾಡಿಯಲ್ಲಿ ಇಂಥ ಐದು ಕವಲುಗಳಿದ್ದವು. ಅಲ್ಲಿ ದೀಪ ಮಿಟುಕಿದ್ದಕ್ಕೆ ಯಜಮಾನರನ್ನು ದೂರುವಂತಿರಲಿಲ್ಲ. ಮತ್ತು ದೋಷ ಕಂಡಾಗ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗುವುದು ನಮ್ಮ ದೊಡ್ಡ ದುರಭ್ಯಾಸ. ಒಂದು ಚೀಟಿಯಲ್ಲಿ ತಾರೀಕು ಹಾಕಿ ಬರೆದುಕೊಟ್ಟಿದ್ದರೆ, ಅಥವಾ ಫೋನಿನಲ್ಲಿ ಒಂದು ಸಾಲು ಕಳಿಸಿದ್ದರೆ, ಆ ಹುಡುಗನಿಗೆ ಮೂರು ತಿಂಗಳು ಬಾಯಿ ಕಟ್ಟಿ ನಿಲ್ಲುವ ಪ್ರಸಂಗ ಬರುತ್ತಿರಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ ನನಗೂ ಗೊತ್ತು. ಬಾಡಿಗೆ ಮನೆ, ಊರಿಗೆ ಕಳಿಸುವ ಹಣ, ಎಲ್ಲ ಗೊತ್ತು. ಆದರೂ ತಾರೀಕು ಹಾಕಿದ ಚೀಟಿಯಿಂದ ಕೆಲಸ ಹೋದದ್ದನ್ನು ನಾನು ಕಂಡಿಲ್ಲ. ಚೀಟಿ ಇಲ್ಲದೆ ಹಣ ಹೋದದ್ದನ್ನು ಬೇಕಾದಷ್ಟು ಕಂಡಿದ್ದೇನೆ.

ಬೋಯಿನಪಲ್ಲಿಯ ಮಾರ್ಕೆಟ್ಟಿನಲ್ಲಿ ಕೊಳೆತ ತರಕಾರಿಯಿಂದ ವಿದ್ಯುತ್ತು ಮಾಡುತ್ತಾರೆಂದು 2021ರಲ್ಲಿ ಪತ್ರಿಕೆಗಳೆಲ್ಲ ಬರೆದವು. ದಿನಕ್ಕೆ 10 ಟನ್ ಕಸ, ಅದರಿಂದ 500 ಯೂನಿಟ್. ಕೊಳೆತ ಟೊಮೇಟೊದಿಂದ ಮಾರ್ಕೆಟ್ಟಿಗೆ ದೀಪ ಹತ್ತುವಾಗ ಅಲ್ಲಿಗೆ ಬರುವ ನಮ್ಮ ಗಾಡಿಗಳ ದೀಪ ಹೊಸ ಬ್ಯಾಟರಿಯಿಂದಲೂ ಹತ್ತುವುದಿಲ್ಲವೆಂದರೆ ನಗು ಬರುತ್ತದೆ.

ನನ್ನ ಸಲಹೆ ದೊಡ್ಡದಲ್ಲ. ಗಾಡಿ ಇಟ್ಟಿರುವ ಹೋಟೆಲುಗಳು ವಾರಕ್ಕೊಮ್ಮೆ ಹಗಲು ಅರ್ಧ ಗಂಟೆಯನ್ನು ಡ್ರೈವರಿಗೆ ಕೆಲಸದ ಹೊತ್ತೆಂದೇ ಲೆಕ್ಕ ಹಿಡಿದು ಗಾಡಿ ನೋಡಲು ಬಿಡಬೇಕು. ಬೋಲ್ಟು, ಬೆಲ್ಟು, ಟರ್ಮಿನಲ್ಲು, ದೀಪ ನೋಡಲು ಅಷ್ಟು ಸಾಕು. ವರ್ಕ್‌ಷಾಪಿಗೆ ಕಳಿಸುವಾಗ, "ಮೊದಲು ದೋಷ ಎಲ್ಲಿದೆ ಎಂದು ತೋರಿಸಿ, ಹುಡುಕಿದ್ದಕ್ಕೆ ಬೇರೆ ಕೂಲಿ ಕೊಡುತ್ತೇವೆ" ಎಂದು ಹೇಳಿ ಕಳಿಸಬೇಕು. ಇನ್ನೂರು ಮುನ್ನೂರು ಕೊಟ್ಟು ಆರು ಸಾವಿರ ಉಳಿಸಿಕೊಳ್ಳುವುದು ಯಜಮಾನರಿಗೂ ಲಾಭವೇ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಾಧಾರಣ ಮೀಟರು ಒಂದು ಊಟದ ಖರ್ಚಿಗೆ ಸಿಗುತ್ತದೆ. ರಾಣಿಗಂಜಿನಲ್ಲಿ ಬಲ್ಬು, ತಂತಿ, ಕ್ಲಿಪ್ಪು ಕೊಂಡು ಟೆಸ್ಟ್ ಲ್ಯಾಂಪು ಮಾಡಿಕೊಳ್ಳಬಹುದು. ಇವೆರಡನ್ನೂ ಸಂಘದ ಕಚೇರಿಯಲ್ಲಿ ಇಟ್ಟು, ಬೇಕಾದ ಡ್ರೈವರ್ ಸಹಿ ಮಾಡಿ ಒಯ್ಯುವಂತೆ ಮಾಡಿದರೆ ಖರ್ಚು ಹೆಚ್ಚಲ್ಲ. ತಿಂಗಳ ಎರಡನೆಯ ಭಾನುವಾರ ನಾನು ಹೇಗೂ ಕಾಚಿಗುಡದಲ್ಲಿ ಇರುತ್ತೇನೆ. ಗಾಡಿ ತಂದರೆ ತೋರಿಸಿಕೊಡುವೆನು, ಕಲಿಯುವೆನೆಂದವರಿಗೆ ಕೈಗೇ ಮೀಟರು ಕೊಡುವೆನು.

ಬೀದರಿನ ಹುಡುಗನ ಮಾತು ಹೇಳಿ ಮುಗಿಸುತ್ತೇನೆ. ಕರಗಿದ ಹೋಲ್ಡರನ್ನೂ ತುಕ್ಕಿನ ವಾಷರನ್ನೂ ಒಂದು ಕಾಗದದಲ್ಲಿ ಸುತ್ತಿಕೊಂಡು, ಸಂಘದ ಇಬ್ಬರು ಹಿರಿಯರೊಡನೆ ನಾವು ಯಜಮಾನರ ಬಳಿಗೆ ಹೋದೆವು. ಕಾಫಿ ಕುಡಿಸಿದರು, ಹೋಲ್ಡರನ್ನು ತಿರುಗಿಸಿ ತಿರುಗಿಸಿ ನೋಡಿದರು, ಹೆಚ್ಚು ಮಾತಾಡಲಿಲ್ಲ. ಮುಂದಿನ ಸಂಬಳದಲ್ಲಿ ಎರಡು ತಿಂಗಳ ಹಣ ಹಿಂದಕ್ಕೆ ಬಂತು. ಮೂರನೆಯ ತಿಂಗಳ ಎರಡು ಸಾವಿರ ಇನ್ನೂ ಬರಬೇಕಾಗಿದೆ. ಕೇಳುತ್ತಿದ್ದೇವೆ.